ಗ್ಯಾಸ್ಕೆಟ್ಟಿನ ದಪ್ಪ: ಅಂದಾಜು ಸಾಲದು, ಅಳತೆ ಬೇಕು

ಮೋಟಾರು ಕಾರಿನ ಎಂಜಿನ್ನಿನಲ್ಲಿ ಹೊಣೆ ದೊಡ್ಡದಾಗಿದ್ದೂ ಯಾರ ಗಮನಕ್ಕೂ ಅಷ್ಟಾಗಿ ಬಾರದ ಭಾಗವೆಂದರೆ ಹೆಡ್ ಗ್ಯಾಸ್ಕೆಟ್. ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕುಳಿತಿರುವ ಹೆಡ್ಡಿಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುವ ತೆಳುವಾದ ಹಾಳೆಯಿದು. ಉರಿಯುವ ಅನಿಲವು ಹೊರಕ್ಕೆ ನುಗ್ಗದಂತೆ, ತಂಪುಗೊಳಿಸುವ ನೀರು ಸಿಲಿಂಡರಿಗೆ ಇಳಿಯದಂತೆ, ಎಣ್ಣೆಯು ನೀರಿನೊಡನೆ ಬೆರೆಯದಂತೆ ತಡೆಯುವುದು ಇದರ ಕೆಲಸ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಇದರ ದಪ್ಪವೂ ಎಂಜಿನ್ನಿನ ಲೆಕ್ಕಕ್ಕೆ ಸೇರಿದ ಒಂದು ಅಳತೆಯೆಂಬುದನ್ನು ಬಹುಮಂದಿ ಮರೆಯುತ್ತಾರೆ. ಹಳೆಯ ಎಂಜಿನ್ನಿಗೆ ಗ್ಯಾಸ್ಕೆಟ್ ಹಾಕುವಾಗ ದಪ್ಪವನ್ನು ಅಳೆದೇ ಆರಿಸಬೇಕು, ಅಳೆದುದನ್ನು ಬರೆದಿಡಬೇಕು ಎಂಬುದು ಈ ಲೇಖನದ ವಾದ.

ಪದ್ಮಿನಿ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಅಂಬಾಸಿಡರ್ ಕಾರಿನದು 2014ರಲ್ಲಿ ನಿಂತಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿರುವ ಹೊರಮಾವಿನಂತಹ ಬಡಾವಣೆಯಲ್ಲಿ ಇಂಥದೊಂದು ಕಾರನ್ನು ಉಳಿಸಿಕೊಂಡಿರುವವರು ಬಿಡಿಭಾಗ ಬೇಕಾದಾಗ ಶಿವಾಜಿನಗರಕ್ಕೋ ಜೆ.ಸಿ. ರಸ್ತೆಗೋ ಹೋಗಿ ಹುಡುಕಬೇಕು. ಹೀಗಿರುವಲ್ಲಿ, ಸಿಕ್ಕಿದ ಗ್ಯಾಸ್ಕೆಟ್ಟೇ ಸರಿಯಾದುದು, ತೂತುಗಳು ಹೊಂದಿಕೊಂಡರೆ ಸಾಕು ಎಂಬ ಭಾವನೆ ಬೆಳೆಯುವುದು ಸಹಜ. ಆದರೆ ತೂತುಗಳ ಹೊಂದಿಕೆ ಬೇರೆ, ದಪ್ಪದ ಹೊಂದಿಕೆ ಬೇರೆ.

ಕಾರಣವನ್ನು ಒಂದು ಲೆಕ್ಕದಿಂದ ಕಾಣಬಹುದು. ಪದ್ಮಿನಿಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಆದ್ದರಿಂದ ಒಂದು ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವಾಗ ತೆರವಾಗುವ ಗಾತ್ರ ಸುಮಾರು 272 ಘನ ಸೆಂಟಿಮೀಟರು. ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯುವ ದಹನಕೋಷ್ಠದ ಗಾತ್ರ 42 ಘ.ಸೆಂ.ಮೀ. ಎಂದು ಭಾವಿಸೋಣ. ಎರಡನ್ನೂ ಕೂಡಿಸಿ 42ರಿಂದ ಭಾಗಿಸಿದರೆ ಬರುವ 7.5 ಎಂಬುದೇ ಸಂಪೀಡನ ಪ್ರಮಾಣ. ಇಂಗ್ಲಿಷಿನಲ್ಲಿ ಇದನ್ನು ಕಂಪ್ರೆಷನ್ ರೇಷಿಯೋ ಎನ್ನುವರು.

ಈ ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಮ್ಮಿನದು, ಬ್ಲಾಕು ಎರಕದ ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ನೀರು ಬತ್ತಿ ಎಂಜಿನ್ ಅತಿಯಾಗಿ ಕಾದರೆ ಹೆಡ್ಡು ಬಾಗುತ್ತದೆ. ಆಗ ಅದರ ತಳವನ್ನು ಹೆರೆದು ಸಮಮಾಡಿಸುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಇದು ಹೆಡ್ ಫೇಸಿಂಗ್. ಕೋಷ್ಠದ ಬಾಯಿ ಸಿಲಿಂಡರಿನಷ್ಟೇ ಅಗಲವಿದ್ದರೆ, ಅರ್ಧ ಮಿಲಿಮೀಟರು ಹೆರೆದಾಗ ಕೋಷ್ಠವು 1.8 ಘ.ಸೆಂ.ಮೀ. ಕುಗ್ಗುತ್ತದೆ, ಸಂಪೀಡನ ಪ್ರಮಾಣ 7.8ಕ್ಕೆ ಏರುತ್ತದೆ. ಇನ್ನೊಮ್ಮೆ ಅಷ್ಟೇ ಹೆರೆದರೆ 8.1 ಆಗುತ್ತದೆ. ಎರಡನೆಯ ಸಲ ಹೆರೆಯುವವನಿಗೆ ಮೊದಲನೆಯ ಸಲ ಎಷ್ಟು ಹೋಯಿತೆಂಬುದು ತಿಳಿದಿರುವುದಿಲ್ಲ. ಕೇಡಿನ ಮೂಲವಿರುವುದು ಇಲ್ಲಿಯೇ.

ಹಾಗಾದರೆ ಸಿಕ್ಕಷ್ಟು ದಪ್ಪನೆಯ ಗ್ಯಾಸ್ಕೆಟ್ ಹಾಕಿದರೆ ಭದ್ರವಲ್ಲವೇ? ಕೆಲವರು ಒಂದರ ಮೇಲೊಂದು ಎರಡು ಗ್ಯಾಸ್ಕೆಟ್ಟುಗಳನ್ನು ಇಡುವುದೂ ಉಂಟು. ಇದು ತಪ್ಪು ತಿಳಿವಳಿಕೆ. ಬಂದೋಬಸ್ತು ಬರುವುದು ಮೇಲ್ಮೈಯ ಸಮತೆಯಿಂದ ಮತ್ತು ಬೋಲ್ಟುಗಳ ಸರಿಯಾದ ಬಿಗಿತದಿಂದ, ದಪ್ಪದಿಂದಲ್ಲ. ಮೇಲಿನ ಉದಾಹರಣೆಯ ಮೂಲ ಎಂಜಿನ್ನಿನಲ್ಲಿಯೇ ದಪ್ಪವು 1.5 ಮಿಲಿಮೀಟರು ಹೆಚ್ಚಾದರೆ ಸಂಪೀಡನ ಪ್ರಮಾಣ ಸುಮಾರು 6.7ಕ್ಕೆ ಇಳಿಯುತ್ತದೆ. ಎಂಜಿನ್ ಸೊರಗುತ್ತದೆ, ಅದೇ ಪೆಟ್ರೋಲಿಗೆ ಕಡಮೆ ಕೆಲಸ ದೊರೆಯುತ್ತದೆ.

ನಮ್ಮ ಊರಿನ ಎತ್ತರವೂ ಈ ವಿಷಯದಲ್ಲಿ ನಮ್ಮನ್ನು ಮೋಸಗೊಳಿಸಬಲ್ಲುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಸಮುದ್ರತೀರದಲ್ಲಿರುವುದಕ್ಕಿಂತ ಸುಮಾರು ಹತ್ತನೆಯ ಒಂದು ಭಾಗ ಕಡಮೆ. ಸಿಲಿಂಡರಿಗೆ ಸೇರುವ ಗಾಳಿಯೂ ಅಷ್ಟೇ ವಿರಳ. ಆದ್ದರಿಂದ ಸಂಪೀಡನ ಮಿತಿಮೀರಿದ ಎಂಜಿನ್ನೂ ಹೊರಮಾವಿನ ಬೀದಿಗಳಲ್ಲಿ ಸದ್ದಿಲ್ಲದೆ ಓಡಬಹುದು. ಅದೇ ಕಾರು ಹಳೆಯ ಮದರಾಸು ರಸ್ತೆ ಹಿಡಿದು ಚೆನ್ನೈಗೆ ಇಳಿದಾಗ ದಟ್ಟವಾದ, ಬಿಸಿಯಾದ ಗಾಳಿಯಲ್ಲಿ ಲೋಹವನ್ನು ಬಡಿದಂತೆ ಸದ್ದು ಮಾಡತೊಡಗಬಹುದು. ಈ ಬಡಿತ ಮುಂದುವರಿದರೆ ಪಿಸ್ಟನ್ನಿಗೆ ಅಪಾಯ.

ಇಂದಿನ ಪೆಟ್ರೋಲಿನ ಆಕ್ಟೇನ್ ಅಂಕ 1950ರ ದಶಕದ ಪೆಟ್ರೋಲಿಗಿಂತ ಹೆಚ್ಚಾಗಿದೆ, ಸಂಪೀಡನ ತುಸು ಏರಿದರೆ ಬಾಧೆಯೇನು ಎಂದು ಕೆಲವರು ಕೇಳುವರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಹಳೆಯ ಎಂಜಿನ್ನು ಅಲ್ಪ ಏರಿಕೆಯನ್ನು ತಾಳಿಕೊಳ್ಳಬಹುದು. ಆದರೆ ಏರಿಕೆ ಅಲ್ಪವೋ ಅಧಿಕವೋ ಎಂದು ತಿಳಿಯುವುದಕ್ಕೂ ಅಳತೆಯೇ ಬೇಕಲ್ಲವೇ? ಅಲ್ಲದೆ ಹೆಡ್ಡು ಕೆಳಕ್ಕೆ ಕುಳಿತಷ್ಟೂ ಕವಾಟಗಳಿಗೂ ಪಿಸ್ಟನ್ನಿಗೂ ನಡುವಣ ಅಂತರ ಕಿರಿದಾಗುತ್ತದೆ. ಇದನ್ನು ಪೆಟ್ರೋಲು ಸರಿಪಡಿಸಲಾರದು.

ಅಳೆಯುವುದು ಕಷ್ಟವಲ್ಲ. ಹೆಡ್ಡಿನ ಎತ್ತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ತಯಾರಕರ ಕೈಪಿಡಿಯಲ್ಲಿರುವ ಮೂಲ ಅಳತೆಯಿಂದ ಕಳೆದರೆ ಹೆರೆದು ಹೋದುದೆಷ್ಟೆಂದು ತಿಳಿಯುತ್ತದೆ. ಕೋಷ್ಠದ ಬಾಯಿಗೆ ಗ್ರೀಸ್ ಸವರಿ, ತೂತುಳ್ಳ ಪಾರದರ್ಶಕ ಫಲಕವನ್ನು ಮುಚ್ಚಿ, ಬ್ಯುರೆಟ್ಟಿನಿಂದ ದ್ರವವನ್ನು ತುಂಬಿದರೆ ಅದರ ಗಾತ್ರ ನೇರವಾಗಿ ದೊರೆಯುತ್ತದೆ; ಕಾಲೇಜಿನ ರಸಾಯನಶಾಲೆಯಲ್ಲಿ ವಿದ್ಯಾರ್ಥಿಗಳು ಬಳಸುವ ಬ್ಯುರೆಟ್ಟೇ ಸಾಕು. ಹೊಸ ಗ್ಯಾಸ್ಕೆಟ್ಟು ಬೋಲ್ಟುಗಳ ಬಿಗಿತಕ್ಕೆ ಕುಗ್ಗುವುದರಿಂದ, ಕುಗ್ಗಿದ ಮೇಲಿನ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಡೀಸೆಲ್ ಎಂಜಿನ್ನುಗಳಲ್ಲಿ ಕೋಷ್ಠ ಇನ್ನೂ ಕಿರಿದು, ಆದುದರಿಂದ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅವುಗಳಲ್ಲಿ ಅನೇಕಕ್ಕೆ ತಯಾರಕರೇ ಹಲವು ದಪ್ಪದ ಗ್ಯಾಸ್ಕೆಟ್ಟುಗಳನ್ನು ಒದಗಿಸಿ, ಅಂಚಿನಲ್ಲಿ ಕಚ್ಚುಗಳನ್ನೋ ರಂಧ್ರಗಳನ್ನೋ ಗುರುತಾಗಿ ಇಟ್ಟಿರುತ್ತಾರೆ. ಪಿಸ್ಟನ್ನು ಬ್ಲಾಕಿನ ಮೇಲ್ಮೈಗಿಂತ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜಿನಿಂದ ಅಳೆದು ಅದಕ್ಕೆ ತಕ್ಕ ಗುರುತಿನದನ್ನು ಆರಿಸಬೇಕು. ಪಿಸ್ಟನ್ನನ್ನು ಬದಲಿಸಿದ್ದರೆ ಅಥವಾ ಬ್ಲಾಕನ್ನು ಹೆರೆದಿದ್ದರೆ ಹಳೆಯ ಗ್ಯಾಸ್ಕೆಟ್ಟಿನ ಕಚ್ಚುಗಳನ್ನು ಎಣಿಸಿ ಫಲವಿಲ್ಲ.

1953ರಲ್ಲಿ ಎಚ್.ಎಂ.ಟಿ.ಯನ್ನೂ 1962ರಲ್ಲಿ ಸೆಂಟ್ರಲ್ ಮಶೀನ್ ಟೂಲ್ ಇನ್‌ಸ್ಟಿಟ್ಯೂಟನ್ನೂ ಕಂಡ ಊರು ಬೆಂಗಳೂರು. ಮಿಲಿಮೀಟರಿನ ನೂರನೆಯ ಭಾಗವನ್ನು ಲೆಕ್ಕಕ್ಕೆ ಹಿಡಿಯುವ ಕುಶಲತೆ ಈ ಊರಿಗೆ ಹೊಸದಲ್ಲ. ಆ ಕುಶಲತೆ ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಉಳಿಯುವುದು ತರವಲ್ಲ. ಹೆಡ್ಡನ್ನು ಹೆರೆದವರು ಎಷ್ಟು ಹೆರೆದರೆಂಬುದನ್ನು ರಸೀತಿಯಲ್ಲಿ ಬರೆಯಲಿ. ಹೆಡ್ಡಿನ ಪಕ್ಕದಲ್ಲಿ, ಗ್ಯಾಸ್ಕೆಟ್ ಕೂರದ ಕಡೆ, ಆ ಅಂಕಿಯನ್ನು ಅಚ್ಚೊತ್ತಲಿ. ಕಾರಿನ ಒಡೆಯರು ಅದನ್ನು ಕೇಳಿ ಪಡೆಯಲಿ. ಹೆರೆದ ಲೋಹವನ್ನು ಮರಳಿ ಅಂಟಿಸುವುದು ಸುಲಭವಲ್ಲ; ಅದರ ಲೆಕ್ಕವನ್ನಾದರೂ ಉಳಿಸಿಕೊಂಡರೆ ಮುಂದಿನ ದುರಸ್ತಿಗಾರನು ಕತ್ತಲೆಯಲ್ಲಿ ಕೈಯಾಡಿಸಬೇಕಾಗಿಲ್ಲ.