ಸರ್ಫಿಂಗ್ ಹಲಗೆಗೆ ಪ್ಯಾಡ್: ಜಾಹೀರಾತು ನೋಡಬೇಡಿ, ನಿಮ್ಮ ಕಾಲು ನೋಡಿ

ಮೊನ್ನೆ ರಾತ್ರಿ ಕೊಟ್ಟೂರು ಕಡೆಯ ಹುಡುಗನೊಬ್ಬ ನಮಗೆ ಫೋನ್ ಮಾಡಿದ್ದ. ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋದವನು. ರಜೆಯ ದಿನ ಸಸಿಹಿತ್ಲು ಕಡಲಿಗೆ ಹೋಗಿ ಹೋಗಿ, ಈಗ ತಾನೇ ಸರ್ಫಿಂಗ್ ಕಲಿಯುತ್ತಿದ್ದಾನೆ. ಯಾರೋ ಬಳಸಿ ಬಿಟ್ಟ ಹಲಗೆ ಕಡಿಮೆ ದುಡ್ಡಿಗೆ ಸಿಕ್ಕಿದೆಯಂತೆ.

"ಅಣ್ಣಾ, ಟ್ರ್ಯಾಕ್ಷನ್ ಪ್ಯಾಡ್ ಯಾವುದು ತಗಳ್ಲಿ? ಫೋನ್‌ನಾಗ ನೋಡಿದ್ರ ನೂರಾರು ಬರ್ತಾವ, ತಲಿ ತಿರುಗ್ತೈತಿ" ಎಂದ.

ಕಡಲನ್ನೇ ಕಾಣದ ಸೀಮೆಯ ವರದಿಗಾರರನ್ನು ಕೇಳಿದನಲ್ಲ ಎಂದು ನಗು ಬಂತು. ಆದರೆ ಅದು ಕೂಲಿಯ ದುಡ್ಡು. ಬಲ್ಲವರನ್ನು ವಿಚಾರಿಸಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಕರಾವಳಿಗೆ ದುಡಿಯಲು ಹೋದ ಬೇರೆ ಹುಡುಗರಿಗೂ ಬೇಕಾದೀತು.

ಸರ್ಫಿಂಗ್ ಸಾಹುಕಾರರ ಆಟ ಎಂದು ತಳ್ಳಿಹಾಕುವ ಕಾಲ ಹೋಯಿತು. ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2025ರ ಆಗಸ್ಟ್‌ನಲ್ಲಿ ಮಾಮಲ್ಲಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು. ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯ ಅವರು. ಬೂದಿಹಾಳ ಅನ್ನೋ ಹೆಸರಿನ ಊರು ನಮ್ಮ ಕಡೆಯವರಿಗೆ ಹೊಸದೇನಲ್ಲ.

ಈಗ ಪ್ಯಾಡಿನ ಮಾತು. ಇದು ಮೆತ್ತನೆಯ ಫೋಮಿನ ಹಾಳೆ. ಹಲಗೆಯ ಹಿಂಬದಿಗೆ ಅಂಟಿಸುತ್ತಾರೆ, ಹಿಂದಿನ ಕಾಲು ಅದರ ಮೇಲಿರುತ್ತದೆ. ಒದ್ದೆ ಹಲಗೆಯಲ್ಲಿ ಕಾಲು ಜಾರದಂತೆ ಹಿಡಿಯುವುದು, ಪಾದ ಎಲ್ಲಿದೆ ಎಂದು ನೋಡದೆಯೇ ತಿಳಿಸುವುದು ಅದರ ಕೆಲಸ. ಟ್ರ್ಯಾಕ್ಟರ್ ಟೈರಿನ ಗೀರುಗಳು ಕೆಸರಿನಲ್ಲಿ ಮಾಡುವ ಕೆಲಸವೇ ಇದು.

ಮೊದಲ ಪ್ರಶ್ನೆ: ಪ್ಯಾಡ್ ಬೇಕೇ? ಕಲಿಯುವವರ ಮೆತ್ತನೆ ಫೋಮ್ ಹಲಗೆಗೆ ಬೇಡ. ಉದ್ದನೆಯ ಹಲಗೆಗೂ ಸಾಮಾನ್ಯವಾಗಿ ಬೇಡ, ಏಕೆಂದರೆ ಅದರ ಮೇಲೆ ಹಿಂದೆ ಮುಂದೆ ನಡೆದಾಡುತ್ತಾರೆ. ಅಲ್ಲಿ ಮೇಣ ಉಜ್ಜಿದರೆ ಸಾಕು. ನಮ್ಮ ಕಡಲು ಬೆಚ್ಚಗಿರುವುದರಿಂದ ಬಿಸಿ ನೀರಿನ ಸೀಮೆಗೆಂದೇ ಮಾಡಿದ, ಬೇಗ ಕರಗದ ಮೇಣ ಕೇಳಿ. ಗಟ್ಟಿ ಮೈಯ ಗಿಡ್ಡ ಹಲಗೆ ಹತ್ತಿ, ಹಿಂದಿನ ಕಾಲು ಒತ್ತಿ ತಿರುಗಿಸಲು ಶುರು ಮಾಡಿದಾಗ ಮಾತ್ರ ಪ್ಯಾಡಿಗೆ ದುಡ್ಡು ಹಾಕಿ. ಆಗಲೂ ಮುಂದಿನ ಕಾಲಿನ ಜಾಗಕ್ಕೆ ಮೇಣ ಬೇಕೇ ಬೇಕು.

ಎರಡನೆಯದು, ಆರಿಸುವ ಬಗೆ. ಸಂತೆಯಲ್ಲಿ ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯುತ್ತೇವಲ್ಲ, ಹಾಗೇ ಇದೂ. ಆದರೆ ಮೊದಲು ಹಲಗೆಯ ಹಿಂಬದಿ ಎಷ್ಟು ಅಗಲ ಎಂದು ಅಳೆಯಿರಿ. ಮೂರು ತುಂಡಿನ ಪ್ಯಾಡನ್ನು ನಡುವೆ ಜಾಗ ಬಿಟ್ಟು ಹೊಂದಿಸಬಹುದು, ಒಂದೇ ತುಂಡಿನದಕ್ಕೆ ಆ ಅನುಕೂಲವಿಲ್ಲ. ಪ್ಯಾಡಿನ ಹಿಂದೆ ಎದ್ದಿರುವ ದಿಬ್ಬ ಹಿಂದಿನ ಕಾಲು ಜಾರದಂತೆ ತಡೆಯುತ್ತದೆ. ಹೊಸಬರಿಗೆ ತಗ್ಗು ದಿಬ್ಬವೇ ಸಾಕು. ನಡುವಿನ ಉಬ್ಬು ಪಾದದ ಗುಳಿಗೆ ಕೂರಬೇಕು. ಚಪ್ಪಟೆ ಪಾದದವರು ಉಬ್ಬು ಕಡಿಮೆ ಇರುವುದನ್ನೇ ನೋಡಲಿ. ಸ್ನೇಹಿತರ ಹಲಗೆಯ ಮೇಲೆ ಕಾಲಿಟ್ಟು ನೋಡಿ ಆಮೇಲೆ ಕೊಳ್ಳಿ. ಚಾಂಪಿಯನ್ ಹೆಸರು ಅಚ್ಚು ಹಾಕಿದ ಮಾತ್ರಕ್ಕೆ ಅದು ನಿಮ್ಮ ಕಾಲಿಗೆ ಹೊಂದುವುದಿಲ್ಲ.

ಅಂಟಿಸುವಾಗ ಅವಸರ ಬೇಡ. ಹಳೆ ಮೇಣ ಪೂರಾ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ. ನೆರಳಲ್ಲಿಟ್ಟು ಪೆನ್ಸಿಲಿನಿಂದ ಗುರುತು ಮಾಡಿ. ಹಲಗೆಯ ಅಡಿಯ ರೆಕ್ಕೆಗಳ ಮೇಲ್ಭಾಗಕ್ಕೆ ಪ್ಯಾಡ್ ಬರಲಿ, ಕಾಲಿನ ಹಗ್ಗ ಕಟ್ಟುವ ತೂತು ಮುಚ್ಚದಿರಲಿ. ಅಂಚುಗಳನ್ನು ಗಟ್ಟಿಯಾಗಿ ಒತ್ತಿ, ಒಂದು ದಿನ ನೀರಿಗಿಳಿಸಬೇಡಿ.

ಇಷ್ಟು ಹೇಳಿದ ಮೇಲೆ ನಾವು ಒಂದು ಮಾತು ಕೇಳಿದೆವು: "ತಮ್ಮಾ, ಈಜು ಬರ್ತೈತಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬಾವ್ಯಾಗ ಅಷ್ಟಿಷ್ಟು" ಎಂದ.

ನಮ್ಮ ತಕರಾರು ಇಲ್ಲಿದೆ. ಬಾವಿ, ಕೃಷಿ ಹೊಂಡ, ತುಂಗಭದ್ರೆಯ ಹಿನ್ನೀರಲ್ಲಿ ಮಕ್ಕಳು ಮುಳುಗಿದ ಸುದ್ದಿ ಬರೆದು ಬರೆದು ನಮಗೆ ಸಾಕಾಗಿದೆ. ನಮ್ಮ ಸೀಮೆಯಲ್ಲಿ ಈಜನ್ನು ಕಲಿಸುವವರಿಲ್ಲ, ಬೈಯುವವರೇ ಎಲ್ಲ. ಪಂಚಾಯಿತಿಗಳು, ಶಾಲೆಗಳು ಬೇಸಿಗೆ ರಜೆಯಲ್ಲಿ ಬಲ್ಲವರನ್ನು ಕರೆಸಿ ಕಲಿಸಲಿ. ಅಲ್ಲಿಯವರೆಗೆ ಹುಡುಗರೇ, ಕ್ರಮ ನೆನಪಿರಲಿ: ಮೊದಲು ಈಜು, ಆಮೇಲೆ ಕಾಲಿಗೆ ಕಟ್ಟುವ ಗಟ್ಟಿ ಹಗ್ಗ, ಆಮೇಲೆ ಮೇಣ, ಕೊನೆಗೆ ಪ್ಯಾಡ್. ಮಳೆಗಾಲದ ಕಡಲಿಗೆ, ಕಲಿಸುವವರಿಲ್ಲದ ಕಡಲಿಗೆ ಇಳಿಯಲೇಬೇಡಿ.

ನಿನ್ನೆ ಅವನ ಮೆಸೇಜ್ ಬಂದಿತ್ತು: "ಪ್ಯಾಡ್ ದಸರಾಕ ನೋಡಿದ್ರಾತು ಅಣ್ಣಾ. ಈಗ ಈಜು ಕಲಿಸೋರ ಹತ್ರ ಹೊಂಟೀನಿ."