ಓಡುವ ನಾಯಿಯ ಋಣ

ವೇಗವನ್ನು ಕಂಡು ಹಿಗ್ಗುವುದು ಮನುಷ್ಯನ ಅತಿ ಪ್ರಾಚೀನ ಸಂತೋಷಗಳಲ್ಲೊಂದು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗೋಡೆಗಳ ಮೇಲೆ, ಆನೆ ಕುದುರೆಗಳ ಸಾಲುಗಳ ನಡುವೆ, ಬೇಟೆಗಾರರೊಡನೆ ನಾಯಿಗಳನ್ನೂ ಕಂಡರಿಸಿದ ಶಿಲ್ಪಿಗಳಿಗೆ ಆ ಸಂತೋಷದ ಅರಿವಿತ್ತು. ಇಂದು ಹಂಪಿ ಉತ್ಸವದ ಶ್ವಾನಪ್ರದರ್ಶನದಲ್ಲಿ ಮುಧೋಳದ ನೀಳಕಾಲಿನ ನಾಯಿಯ ಸುತ್ತ ನೆರೆಯುವ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನಕ್ಕೂ ಅದು ಉಂಟು. ಆದರೆ ಒಂದು ಪ್ರಾಣಿಯ ಓಟದಿಂದ ಸುಖಪಟ್ಟವನು, ಮಾನ ಪಡೆದವನು, ಹಣ ಗಳಿಸಿದವನು, ಆ ಓಟವು ಕುಂದಿದ ದಿನ ಅದಕ್ಕೆ ಏನನ್ನು ಸಲ್ಲಿಸತಕ್ಕದ್ದು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಂತೆ ತೋರುವುದಿಲ್ಲ.

ಕನ್ನಡನಾಡು ಈ ಪ್ರಶ್ನೆಗೆ ಹಿಂದೊಮ್ಮೆ ಕೊಟ್ಟ ಉತ್ತರವು ಕಲ್ಲಿನಲ್ಲಿ ಉಳಿದಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ಮೆರೆದ ಮಣಲೆರನು, ಮೆಚ್ಚಿದ ಪ್ರಭುವು ಬೇಕಾದುದನ್ನು ಬೇಡೆಂದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಮುಂದೆ ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರೆಂದೂ ಕ್ರಿ. ಶ. 949–50ರ ಆತಕೂರು ಶಾಸನವು ಹೇಳುತ್ತದೆ. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂಬ ಕಟ್ಟಳೆಯೂ ಅದರಲ್ಲಿದೆ. ಊರೂ ಭೂಮಿಯೂ ಬೇಡಬಹುದಾಗಿದ್ದ ವೀರನೊಬ್ಬ ನಾಯಿಯನ್ನು ಬೇಡಿದನೆಂಬುದಕ್ಕಿಂತಲೂ, ಸತ್ತ ನಾಯಿಯ ಋಣವನ್ನು ಬದುಕಿದವರ ದಿನನಿತ್ಯದ ಅನ್ನಕ್ಕೆ ಕಟ್ಟಿಹಾಕಿದರೆಂಬುದೇ ನನಗೆ ಹೆಚ್ಚು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅರಸರ ಆಶ್ರಯವೂ ಮುಧೋಳದ ನಾಯಿಗಳಿಗೆ ಒದಗಿತು. ಸಂಡೂರನ್ನಾಳಿದ ಘೋರ್ಪಡೆ ಮನೆತನದ ಕುಲಸಂಬಂಧಿಗಳೇ ಆದ ಮುಧೋಳದ ಘೋರ್ಪಡೆಯವರಲ್ಲಿ ಮಾಲೋಜಿರಾಯರು ಈ ತಳಿಯನ್ನು ಆರಿಸಿ ಬೆಳೆಸಿದರು, ಅದರ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತರು; 2005ರಲ್ಲಿ ಅದರ ಚಿತ್ರವು ಅಂಚೆಚೀಟಿಯ ಮೇಲೂ ಬಂದಿತು. ಆದರೆ ಅರಮನೆಗಿಂತ ದೀರ್ಘಕಾಲ ಇಂಥ ನಾಯಿಗಳನ್ನು ಸಾಕಿದವರು ರೊಟ್ಟಿ, ನುಚ್ಚು, ಮಜ್ಜಿಗೆಗಳಲ್ಲಿ ತಮ್ಮ ಪಾಲನ್ನು ಹಂಚಿಕೊಂಡ ಕುರಿಗಾರರು ಮತ್ತು ಒಕ್ಕಲುಮಕ್ಕಳು. ಅವರ ನಾಯಿ ಓಟದಲ್ಲಿ ಹಿಂದೆ ಬಿದ್ದರೂ ಮರುದಿನ ಕುರಿಹಟ್ಟಿಯನ್ನು ಕಾಯುತ್ತಿತ್ತು, ತೋಳದ ಸುಳಿವಿಗೆ ಬೊಗಳುತ್ತಿತ್ತು, ಮುದಿಯಾದ ಮೇಲೆ ಗುಡಿಸಲ ಬಾಗಿಲಲ್ಲಿ ಮಲಗುತ್ತಿತ್ತು. ಓಟವು ಅದರ ಬದುಕಿನ ಒಂದು ಅಂಗವಾಗಿತ್ತೇ ಹೊರತು ಬದುಕುವುದಕ್ಕೆ ಅದು ತೆರಬೇಕಾದ ಬಾಡಿಗೆಯಾಗಿರಲಿಲ್ಲ.

ಪಾಶ್ಚಾತ್ಯರ ಗ್ರೇಹೌಂಡ್ ಪಂದ್ಯದಲ್ಲಿ ಮುರಿದದ್ದು ಈ ಸಂಬಂಧವೇ. 1919ರಲ್ಲಿ ಕ್ಯಾಲಿಫೋರ್ನಿಯದ ಎಮರಿವಿಲ್‌ನಲ್ಲಿ ಓವೆನ್ ಸ್ಮಿತ್ ಎಂಬಾತನು ಯಂತ್ರದ ಮೊಲವನ್ನು ಓಡಿಸಿ ಪಂದ್ಯದ ಅಂಗಳವನ್ನು ತೆರೆದನು; 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಅಂಗಳವು ಅದನ್ನು ಇಂಗ್ಲೆಂಡಿನ ಶ್ರಮಜೀವಿಗಳ ಸಂಜೆಯ ವಿನೋದವನ್ನಾಗಿ ಮಾಡಿತು. ನಿಜವಾದ ಮೊಲದ ಪ್ರಾಣವನ್ನು ಉಳಿಸಿದ ಆ ಯಂತ್ರದಿಂದಲೇ ನಾಯಿಯ ಸಂಕಟವು ಹೆಚ್ಚಿತೆಂಬುದು ವಿಷಾದದ ಸಂಗತಿ. ಏಕೆಂದರೆ ಯಂತ್ರವು ದಣಿಯದು, ದಿನಕ್ಕೆ ಎಷ್ಟು ಸುತ್ತು ಬೇಕಾದರೂ ತಿರುಗೀತು, ಪ್ರತಿ ಸುತ್ತಿಗೂ ಹಣ ಕಟ್ಟುವವರು ದೊರೆತಾರು. ಗಂಟೆಗೆ ಸುಮಾರು 65 ಕಿಲೋಮೀಟರು ವೇಗದಲ್ಲಿ, ಸದಾ ಎಡಕ್ಕೇ ತಿರುಗುವ ಬಳಸುದಾರಿಯಲ್ಲಿ ಓಡುವ ನಾಯಿಗೆ ಬಲ ಹಿಂಗಾಲಿನ ಗೀಲಿನ ಎಲುಬೇ ಹೆಚ್ಚಾಗಿ ಮುರಿಯುವುದೆಂದು ಪಶುವೈದ್ಯರು ಕಂಡುಕೊಂಡಿದ್ದಾರೆ. ಒಂದೂವರೆ ವರ್ಷಕ್ಕೆ ಅಂಗಳಕ್ಕಿಳಿದ ನಾಯಿ ನಾಲ್ಕೈದು ವರ್ಷಕ್ಕೆ ನಿವೃತ್ತವಾಗುತ್ತದೆ, ಆಯುಷ್ಯವೋ ಹತ್ತು ಹನ್ನೆರಡು ವರ್ಷ. ಉಳಿದ ಆ ವರ್ಷಗಳಿಗೆ ಪಂದ್ಯದ ಲೆಕ್ಕಪುಸ್ತಕದಲ್ಲಿ ಪುಟವಿಲ್ಲ. ಮಕಾವಿನ ಅಂಗಳ 2018ರಲ್ಲಿ ಮುಚ್ಚಿದುದಕ್ಕೂ, ಅದೇ ವರ್ಷ ಫ್ಲಾರಿಡದ ಮತದಾರರು ಪಂದ್ಯವನ್ನು ಕೊನೆಗೊಳಿಸಲು ನಿಶ್ಚಯಿಸಿದುದಕ್ಕೂ ಆ ಇಲ್ಲದ ಪುಟದ ಅರಿವು ಮುಖ್ಯವಾದೊಂದು ಕಾರಣವೆಂದು ನಾನು ತಿಳಿಯುತ್ತೇನೆ.

ನಾಯಿಯ ಒಡೆಯರೆಲ್ಲ ಕಟುಕರೆಂದು ಇದರಿಂದ ಭಾವಿಸುವುದು ಅನ್ಯಾಯ. ಬೆಳಗಿನ ಜಾವಕ್ಕೆದ್ದು ನಾಯಿಯನ್ನು ಓಡಿಸಿ, ಕಾಲು ತಿಕ್ಕಿ, ತನ್ನ ಮಕ್ಕಳಿಗೆ ಕೊಡುವುದಕ್ಕೆ ಮುಂಚೆಯೇ ಅದಕ್ಕೆ ಹಾಲೆರೆಯುವ ಬಡವನ ಪ್ರೀತಿ ಸುಳ್ಳಲ್ಲ. ಕುದುರೆ ಕಟ್ಟಲಾರದವನಿಗೆ ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲುವ ಮಾನವನ್ನು ಆ ನಾಯಿಯೇ ತಂದುಕೊಡುತ್ತದೆ. ಆದರೆ ಬಾಜಿಯ ಹಣವು ಎಂಥ ಪ್ರೀತಿಯನ್ನೂ ತೂಕಕ್ಕಿಡುವುದು: ಗೆಲ್ಲುವ ನಾಯಿಗಾಗಿ ಹತ್ತು ಮರಿಗಳನ್ನು ಹುಟ್ಟಿಸಿದವನಿಗೆ ಸೋಲುವ ಒಂಬತ್ತನ್ನು ಸಾಕುವ ಶಕ್ತಿ ಇರುವುದಿಲ್ಲ, ಆಗ ಒಳ್ಳೆಯವನೂ ಕಣ್ಣುಮುಚ್ಚಿಕೊಳ್ಳುತ್ತಾನೆ.

ಆದುದರಿಂದ ನಮ್ಮ ಸೀಮೆಯಲ್ಲಿ ನಾಯಿಯ ಓಟವು ಬೆಳೆಯುವುದಾದರೆ ಬಾಜಿಯನ್ನು ಹೊರಗಿಟ್ಟೇ ಬೆಳೆಯಬೇಕು. ಜೀವಂತ ಮೊಲವನ್ನು ಬಿಡುವ ಮಾತಂತೂ ಬರಕೂಡದು. 1972ರ ವನ್ಯಜೀವಿ ಕಾಯಿದೆ ಅದನ್ನು ಅಪರಾಧವೆನ್ನುತ್ತದೆ, ಸಂಡೂರಿನ ಗುಡ್ಡಗಳಿಂದ ದರೋಜಿಯ ಕರಡಿಧಾಮದವರೆಗಿನ ಕುರುಚಲು ಕಾಡಿಗೆ ಆ ರಕ್ಷಣೆಯು ಅತ್ಯವಶ್ಯ. ಓಡುವುದು ಕೊಯ್ಲಾದ ಹೊಲದ ನೇರ ದಾರಿಯಲ್ಲಾಗಲಿ, ತಿರುವಿನ ಅಂಗಳ ಬೇಡ. ನಲವತ್ತು ಡಿಗ್ರಿ ಮೀರುವ ಇಲ್ಲಿಯ ಬೇಸಗೆಯಲ್ಲಿ, ಮುಖ್ಯವಾಗಿ ತೇಕುವುದರಿಂದಲೇ ಮೈಯ ಬೇಗೆಯನ್ನು ಕಳೆಯಬೇಕಾದ ಪ್ರಾಣಿಯನ್ನು ಓಡಿಸದಿರುವುದೇ ಲೇಸು. ಮತ್ತು ಉತ್ಸವದ ಪ್ರದರ್ಶನದಲ್ಲಿ ಬಹುಮಾನ ಕೋರುವ ಒಡೆಯನು, ಎಳೆಯ ನಾಯಿಯ ಜೊತೆಗೆ, ತಾನು ಹಿಂದೆ ಓಡಿಸಿದ ನಾಯಿ ಬದುಕಿದ್ದರೆ ಅದನ್ನೂ ಕರೆತರಬೇಕೆಂದು ನಿಯಮ ಮಾಡಲಿ. ತೀರ್ಪುಗಾರರು ಮೊದಲು ಅದರ ಹಲ್ಲು, ಕಾಲುಗೀಲು, ಮೈಕಟ್ಟುಗಳನ್ನು ನೋಡಿ, ಆಮೇಲೆ ಎಳೆಯದರ ಹಗ್ಗ ಬಿಚ್ಚಿಸಲಿ.