ಹಳೆಯ ಗಣಕಯಂತ್ರವೂ ಅದರ ಎರಡನೆಯ ಪೆಟ್ಟಿಗೆಯೂ

ಹಳೆಯ ವಸ್ತುವನ್ನು ಕಾಪಾಡುವುದೆಂದರೆ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವುದೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಮತ್ತೆ ಕೆಲವರು, ಅದು ಅಂಗಡಿಯಿಂದ ಬಂದ ದಿನದಲ್ಲಿದ್ದ ರೂಪಕ್ಕೆ ತಿರುಗಿದ ಹೊರತು ಕಾಪಾಡಿದಂತಾಗದೆಂದು ವಾದಿಸುವರು. ಈ ಎರಡು ಮತಗಳೂ ನಮಗೆ ಸಮ್ಮತವಲ್ಲ. ಹಳೆಯ ಗಣಕಯಂತ್ರವೊಂದು ಕೈಗೆ ದೊರೆತರೆ ಅದನ್ನು ನಡೆಯುವಂತೆ ಮಾಡಬೇಕು; ಅದನ್ನು ಬಳಸಿದವರು ಮುಂದೆ ತೊಡಿಸಿದ ಬೇರೆ ಪೆಟ್ಟಿಗೆಯಿದ್ದರೆ ಅದನ್ನು ಹಾಗೆಯೇ ಉಳಿಸಬೇಕು; ಈ ಕೆಲಸವನ್ನು ನಮ್ಮ ಹೆಣ್ಣುಮಕ್ಕಳ ಕೈಯಿಂದಲೇ ಮಾಡಿಸಬೇಕು. ಈ ಮೂರು ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಾತಾಪಿತೃಗಳ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ಇಂಥ ಯಂತ್ರಗಳ ಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗಿದೆ. ಇಂಗ್ಲೆಂಡಿನ ಕೇಂಬ್ರಿಜ್ಜಿನ ಸಿಂಕ್ಲೇರ್ ಕಂಪನಿಯವರು ೧೯೮೨ನೆಯ ಏಪ್ರಿಲಿನಲ್ಲಿ ಸ್ಪೆಕ್ಟ್ರಮ್ ಎಂಬ ಸಣ್ಣ ಗಣಕಯಂತ್ರವನ್ನು ಹೊರತಂದರು. ಮನೆಯ ಟೆಲಿವಿಷನ್ನೇ ಅದರ ಪರದೆ. ಕ್ಯಾಸೆಟ್ ಟೇಪೇ ಅದರ ಪುಸ್ತಕ. ಅದರ ದೊಡ್ಡ ಮಾದರಿಯ ಸ್ಮೃತಿಯು ೪೮ ಕಿಲೋಬೈಟುಗಳು ಮಾತ್ರ. ಇಂದಿನ ಮೊಬೈಲು ಫೋನಿನಿಂದ ತೆಗೆದ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಇದರ ಮುಂದಿನ ರೂಪವಾದ ಸ್ಪೆಕ್ಟ್ರಮ್ ಪ್ಲಸ್ಸನ್ನು ಪುಣೆಯ ಡೆಸಿಬೆಲ್ಸ್ ಕಂಪನಿಯವರು ಅನುಮತಿ ಪಡೆದು ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಇದಕ್ಕೂ ಮುಂಚೆ, ೧೯೮೪-೮೫ರಲ್ಲಿ, ಶಾಲಾಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಸಬೇಕೆಂದು ಕೇಂದ್ರ ಸರ್ಕಾರದವರು ಕ್ಲಾಸ್ ಎಂಬ ಯೋಜನೆಯನ್ನು ದೇಶದ ಸುಮಾರು ೨೫೦ ಶಾಲೆಗಳಲ್ಲಿ ಆರಂಭಿಸಿದ್ದರು. ಅದಕ್ಕಾಗಿ ಆರಿಸಿದುದು ಕೇಂಬ್ರಿಜ್ಜಿನದೇ ಆದ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಎಂಬ ಯಂತ್ರ. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದುವು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದು ೨೦೦೭ರಲ್ಲಿ.

ಇನ್ನು ಪೆಟ್ಟಿಗೆಯ ವಿಷಯ. ಸ್ಪೆಕ್ಟ್ರಮ್ ಮೊದಲು ಬಂದಾಗ ಅದರ ನಲವತ್ತು ಗುಂಡಿಗಳೂ ರಬ್ಬರಿನವು. ಬೆರಳಿಗೆ ಮೆತ್ತಗೆ ಸಿಕ್ಕುತ್ತಿದ್ದ ಅವುಗಳ ಮೇಲೆ ಉದ್ದವಾದ ಬರೆಹವನ್ನು ಬರೆಯುವುದು ಬಹಳ ಪ್ರಯಾಸದ ಕೆಲಸವಾಗಿತ್ತು. ಆದುದರಿಂದ ಡಿಕೆ'ಟ್ರಾನಿಕ್ಸ್, ಸಾಗಾ ಮೊದಲಾದ ಬೇರೆ ಕಂಪನಿಗಳು ಬೆರಳಚ್ಚು ಯಂತ್ರದಂಥ ಗಟ್ಟಿಯಾದ ಗುಂಡಿಗಳುಳ್ಳ ಹೊಸ ಪೆಟ್ಟಿಗೆಗಳನ್ನು ಮಾಡಿ ಮಾರತೊಡಗಿದುವು. ಯಂತ್ರದ ಒಡೆಯನು ತಾನೇ ತಿರುಪುಗಳನ್ನು ಬಿಚ್ಚಿ, ಒಳಗಿನ ಸರ್ಕ್ಯೂಟ್ ಬೋರ್ಡನ್ನು ಹೊರತೆಗೆದು, ಈ ಹೊಸ ಪೆಟ್ಟಿಗೆಯಲ್ಲಿ ಕೂರಿಸಿಕೊಳ್ಳುತ್ತಿದ್ದನು. ಹೀಗೆ ಮನೆ ಬದಲಾಯಿಸಿದ ಯಂತ್ರಗಳು ಮೂಲರೂಪದವುಗಳಿಗಿಂತ ಎಷ್ಟೋ ಕಡಿಮೆ. ಸಂಗ್ರಹಕಾರರಲ್ಲಿ ಕೆಲವರು ಇಂಥದೊಂದು ದೊರೆತೊಡನೆ ಬೋರ್ಡನ್ನು ಕಿತ್ತು ಮೂಲದ ಪೆಟ್ಟಿಗೆಗೆ ಹಾಕಿ, ಇದನ್ನು ಮೂಲೆಗೆಸೆಯುವುದರಿಂದ ಅವು ಇನ್ನಷ್ಟು ವಿರಳವಾಗುತ್ತಿವೆ.

ಇದು ತಪ್ಪೆಂದು ನಾವು ಹೇಳುತ್ತೇವೆ. ಇದಕ್ಕೆ ಕಾರಣವನ್ನು ನಮ್ಮ ಮನೆಗಳಲ್ಲಿಯೇ ನೋಡಬಹುದು. ಅಜ್ಜಿಯ ಕಾಲದ ಹೊಲಿಗೆಯ ಯಂತ್ರವನ್ನು ನೆನೆಯಿರಿ. ಅದರ ಕಬ್ಬಿಣದ ತಲೆಯು ಕಂಪನಿಯದು. ಕೆಳಗಿನ ಹಲಗೆಯು ಊರ ಬಡಗಿಯು ಮಾಡಿದುದು. ಪಕ್ಕದ ಮೋಟಾರು ಆಮೇಲೆ ಯಾರೋ ಕೂರಿಸಿದುದು. ಹಲಗೆಯು ಕಂಪನಿಯದಲ್ಲವೆಂದು ಯಾರಾದರೂ ಅದನ್ನು ಒಲೆಗೆ ಹಾಕುವರೇ? ಆ ಹಲಗೆಯ ಮೇಲಿನ ಕತ್ತರಿಯ ಗೀರುಗಳೇ ಆ ಮನೆಯಲ್ಲಿ ಎಷ್ಟು ಬಟ್ಟೆ ಹೊಲಿದರೆಂಬುದಕ್ಕೆ ಸಾಕ್ಷಿ. ಗಣಕಯಂತ್ರದ ಎರಡನೆಯ ಪೆಟ್ಟಿಗೆಯೂ ಹಾಗೆಯೇ. ಕಂಪನಿಯು ಏನನ್ನು ಮಾಡಿತೆಂಬುದನ್ನು ಮೊದಲನೆಯ ಪೆಟ್ಟಿಗೆಯು ಹೇಳುವುದು. ಕೊಂಡವರಿಗೆ ಏನು ಬೇಕಾಗಿತ್ತೆಂಬುದನ್ನು ಎರಡನೆಯದು ಹೇಳುವುದು. ರಬ್ಬರಿನ ಗುಂಡಿಗಳಿಂದ ಬೇಸತ್ತು ಹಣ ಕೊಟ್ಟು ಬೇರೆ ಪೆಟ್ಟಿಗೆಯನ್ನು ಕೊಂಡವರು ಆಟಕ್ಕಿಂತ ಹೆಚ್ಚಾಗಿ ಬರೆಹಕ್ಕೂ ಲೆಕ್ಕಕ್ಕೂ ಯಂತ್ರವನ್ನು ಉಪಯೋಗಿಸಲೆಳಸಿದವರೆಂದು ಊಹಿಸಬಹುದು. ಆ ಸಾಕ್ಷಿಯನ್ನು ಒಮ್ಮೆ ಅಳಿಸಿದರೆ ಮತ್ತೆ ಬರೆಯಲಾಗದು.

ಆದರೆ ಉಳಿಸುವುದೆಂದರೆ ಮುಟ್ಟದಿರುವುದಲ್ಲ. ಇಂಥ ಯಂತ್ರವನ್ನು ನಡೆಯುವಂತೆ ಮಾಡುವುದಕ್ಕೆ ಒಂದು ಕ್ರಮವಿದೆ. ಅಟ್ಟದಿಂದ ಇಳಿಸಿದ ಯಂತ್ರವನ್ನು ಕೂಡಲೇ ವಿದ್ಯುತ್ತಿಗೆ ಸೇರಿಸಬಾರದೆಂಬುದೇ ಮೊದಲನೆಯ ನಿಯಮ. ಬಿಬಿಸಿ ಮೈಕ್ರೋವಿನ ವಿದ್ಯುತ್ ಪೆಟ್ಟಿಗೆಯಲ್ಲಿ ಕಾಗದದ ಪದರಗಳುಳ್ಳ ಕೆಪಾಸಿಟರುಗಳಿರುವುವು. ಹಲವು ವರ್ಷಗಳಲ್ಲಿ ಅವುಗಳ ಹೊರಮೈ ಬಿರಿದು ಒಳಗೆ ತೇವ ಸೇರುವುದು. ಹಾಗೆಯೇ ಸ್ವಿಚ್ಚು ಹಾಕಿದರೆ ದಟ್ಟವಾದ ಹೊಗೆಯೆದ್ದು ಕೋಣೆಯೆಲ್ಲಾ ನಾರುವುದು. ಸ್ಪೆಕ್ಟ್ರಮ್ಮಿಗೆ ಬೇರೆಯೇ ಅಪಾಯ. ಅದಕ್ಕೆ ೯ ವೋಲ್ಟಿನ ಅಡಾಪ್ಟರು ಬೇಕು. ಆದರೆ ಅದರ ಪಿನ್ನಿನ ನಡುವೆ ಋಣವೂ ಹೊರಗೆ ಧನವೂ ಇರಬೇಕು. ಇಂದು ಅಂಗಡಿಯಲ್ಲಿ ಸಿಕ್ಕುವ ಬಹುಪಾಲು ಅಡಾಪ್ಟರುಗಳಲ್ಲಿ ಇದು ತಿರುಗಾಮುರುಗಾ. ಅದರ ಮೊದಲ ೧೬ ಕಿಲೋಬೈಟು ಸ್ಮೃತಿಯ ಚಿಪ್ಪುಗಳಿಗೆ ೫, ೧೨ ಮತ್ತು ಋಣ ೫ ಎಂಬ ಮೂರು ವೋಲ್ಟೇಜುಗಳೂ ಬೇಕು; ಋಣ ೫ ತಪ್ಪಿ ೧೨ ಮಾತ್ರ ಬಂದರೆ ಆ ಚಿಪ್ಪುಗಳು ಕೆಡುವುವು. ಆದುದರಿಂದ ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಮೀಟರಿನಿಂದ ಅಳೆಯಬೇಕು, ಕಡೆಗೆ ಸ್ವಿಚ್ಚನ್ನು ಹಾಕಬೇಕು.

ಎರಡನೆಯ ಪೆಟ್ಟಿಗೆಯುಳ್ಳ ಯಂತ್ರಕ್ಕೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಗುಂಡಿಗಳಿಂದ ಬೋರ್ಡಿಗೆ ಹೋಗುವ ತೆಳುವಾದ ಪಟ್ಟಿಗಳು ಹಳತಾದಂತೆ ಒಣಗಿದ ಎಲೆಯಂತಾಗಿ, ಎಳೆದರೆ ಮುರಿಯುವುವು. ಬೋರ್ಡಿನ ಮೇಲಿರುವ ವೋಲ್ಟೇಜು ನಿಯಂತ್ರಕವು ಬಹಳ ಬಿಸಿಯಾಗುವುದರಿಂದ ಅದರ ಅಲ್ಯೂಮಿನಿಯಮ್ ತಗಡಿಗೆ ಹೊಸ ಪೆಟ್ಟಿಗೆಯಲ್ಲಿ ಗಾಳಿಯಾಡುವ ಎಡೆಯಿದೆಯೇ ಎಂದು ನೋಡಬೇಕು. ಬಿಚ್ಚುವ ಮುನ್ನ ಪ್ರತಿಯೊಂದು ಹಂತದ ಚಿತ್ರವನ್ನೂ ತೆಗೆಯಬೇಕು. ತೆಗೆದ ಭಾಗಗಳನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ, ತಾರೀಖನ್ನು ಬರೆದು, ಯಂತ್ರದ ಜತೆಯಲ್ಲಿಯೇ ಇಡಬೇಕು. ಕಳೆದುಹೋದ ಗುಂಡಿಯನ್ನು ಹೊಸದಾಗಿ ಮಾಡಿಸಿದರೆ ಅದರ ಒಳಮೈಯಲ್ಲಿ ಹೊಸದೆಂದು ಗುರುತು ಹಾಕಬೇಕು. ಮುಂದೆ ನೋಡುವವರಿಗೆ ಹಳತು ಯಾವುದು, ಹೊಸತು ಯಾವುದು ಎಂಬ ಸಂಶಯವುಂಟಾಗಬಾರದು. ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳಿಮಾಡುವ ಹವ್ಯಾಸವೊಂದು ಹಬ್ಬಿದೆ. ಅದರಿಂದ ಮೇಲ್ಮೈಯಲ್ಲಿ ಪಟ್ಟೆಗಳು ಬೀಳುವುದುಂಟು; ಹಳದಿಯು ಮರಳಿ ಬರುವುದೂ ಉಂಟು. ಸಾಬೂನಿನ ನೀರಿನಿಂದ ಧೂಳನ್ನು ತೊಳೆದರೆ ಸಾಕೆಂದೇ ನಮ್ಮ ಅಭಿಪ್ರಾಯವು. ವಯಸ್ಸಾದುದು ಅವಮಾನದ ವಿಷಯವಲ್ಲ.

ಈ ಕೆಲಸಕ್ಕೆ ಬೇಕಾದ ಗುಣವು ನಮ್ಮ ಸೀಮೆಗೆ ಹೊಸದಲ್ಲ. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ನಯವಾದ ಎಳೆಯನ್ನು ಹುಡುಕಿ, ಕಡಿದುದನ್ನು ಮತ್ತೆ ಸೇರಿಸುವ ಹೆಂಗಸರಿರುವರು. ಬೋರ್ಡಿನ ಮೇಲೆ ಕಡಿದ ತಾಮ್ರದ ಗೆರೆಯನ್ನು ಹುಡುಕಿ ಬೆಸೆಯುವುದಕ್ಕೆ ಬೇಕಾದುದೂ ಅದೇ ಕಣ್ಣು, ಅದೇ ತಾಳ್ಮೆ. ಗೌರಿಬಿದನೂರಿನ ಸಮೀಪದಲ್ಲಿ ೧೯೭೦ರ ದಶಕದಲ್ಲಿ ರಾಮನ್ ಸಂಶೋಧನ ಸಂಸ್ಥೆಯವರೂ ಭಾರತೀಯ ಖಭೌತ ಸಂಸ್ಥೆಯವರೂ ಸೇರಿ ರೇಡಿಯೋ ದೂರದರ್ಶಕವೊಂದನ್ನು ಕಟ್ಟಿದರು. ಅದು ಒಂದು ಸಾವಿರ ತಂತಿಯ ಆಂಟೆನಾಗಳನ್ನು ಇಂಗ್ಲಿಷಿನ ಟೀ ಅಕ್ಷರದಾಕಾರದಲ್ಲಿ ನಿಲ್ಲಿಸಿ, ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ಆಲಿಸಿದ ಸಾಧನ. ಒಂದೊಂದು ಆಂಟೆನಾವೂ ಸಾಧಾರಣವಾದ ತಂತಿಯೇ. ಆಕಾಶದ ನಕ್ಷೆಯು ದೊರೆತುದು ಅವುಗಳ ಬೆಸುಗೆಯನ್ನು ಕಾಪಾಡಿದ ಕೈಗಳಿಂದ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳನ್ನು ನಾವು ಅರಿಯದವರಲ್ಲ. ಅಂಗೈಯಲ್ಲಿರುವ ಫೋನು ಇದಕ್ಕಿಂತ ಲಕ್ಷಪಾಲು ಹೆಚ್ಚು ಕೆಲಸ ಮಾಡುವಾಗ ಈ ಹಳೆಯ ಡಬ್ಬಿಯು ಏಕೆಂದು ತಂದೆಯರು ಕೇಳಬಹುದು. ನಿಜ, ಆದರೆ ಆ ಫೋನನ್ನು ಬಿಚ್ಚಿ ನೋಡಿದರೆ ಹುಡುಗಿಗೆ ಏನೂ ತಿಳಿಯದು. ಅಂಟಿನಿಂದ ಮುಚ್ಚಿದ ಅದರೊಳಗೆ ಎಲ್ಲವೂ ಒಂದೆರಡು ಕರಿಯ ಚಿಪ್ಪುಗಳಲ್ಲಿ ಅಡಗಿದೆ. ಸ್ಪೆಕ್ಟ್ರಮ್ಮಿನಲ್ಲಾದರೋ ಯೋಚಿಸುವ ಚಿಪ್ಪು ಇದು, ನೆನಪಿಡುವ ಚಿಪ್ಪುಗಳು ಇವು, ಚಿತ್ರ ಬರೆಯುವ ಚಿಪ್ಪು ಇದು ಎಂದು ಬೆರಳಿಟ್ಟು ತೋರಿಸಬಹುದು. ವರ್ಣಮಾಲೆಯನ್ನು ಕಲಿಯದೆ ಕಾವ್ಯವನ್ನು ಓದುವುದೆಂತು? ಪರೀಕ್ಷೆಗೆ ಓದುವ ಹೊತ್ತು ವ್ಯರ್ಥವಾಗುವುದೆಂದು ತಾಯಂದಿರು ಅಂಜಬಹುದು. ವಾರಕ್ಕೆ ಒಂದು ಗಂಟೆ ಸಾಕು. ಓಮನ ನಿಯಮವನ್ನು ಹತ್ತು ಸಲ ಉರುಹೊಡೆದವಳಿಗಿಂತ ಮೀಟರು ಹಿಡಿದು ಒಂದು ಸಲ ಅಳೆದವಳಿಗೆ ಅದು ಹೆಚ್ಚು ದಿನ ನೆನಪಿರುವುದು. ವಿದ್ಯುತ್ತಿನ ಭಯವನ್ನು ಮಾತ್ರ ನಾವು ಅಲ್ಲಗಳೆಯುವುದಿಲ್ಲ. ೨೩೦ ವೋಲ್ಟು ಹರಿಯುವ ಭಾಗವನ್ನು ಬಲ್ಲ ಮೆಕ್ಯಾನಿಕ್ಕಿನ ಕೈಗೇ ಬಿಡಬೇಕು. ಉಳಿದುದನ್ನು ಮಕ್ಕಳಿಗೆ ಬಿಡಬಹುದು. ಬೆಸುಗೆಯ ಸೀಸವನ್ನು ಮುಟ್ಟಿದ ಬಳಿಕ ಕೈ ತೊಳೆಯುವುದನ್ನೂ, ಕಿಟಕಿ ತೆರೆದಿಡುವುದನ್ನೂ ಮೊದಲ ದಿನವೇ ಕಲಿಸಬೇಕು.

ಇದು ಹುಡುಗರ ಕೆಲಸವಲ್ಲವೇ ಎಂಬ ಮಾತೂ ಅಲ್ಲಲ್ಲಿ ಇನ್ನೂ ಕೇಳಬರುವುದು. ಅಂಥವರಿಗೆ ಒಂದು ಸಂಗತಿಯನ್ನು ತಿಳಿಸುವೆವು. ಬಿಬಿಸಿ ಮೈಕ್ರೋವಿನ ಬೇಸಿಕ್ ಭಾಷೆಯನ್ನು ಬರೆದವರು ಸೋಫೀ ವಿಲ್ಸನ್ ಎಂಬ ಮಹಿಳೆ. ಅದೇ ಕಂಪನಿಗಾಗಿ ಎಆರ್‌ಎಂ ಎಂಬ ಹೊಸ ಚಿಪ್ಪಿನ ಆದೇಶಮಾಲೆಯನ್ನು ರಚಿಸಿದವರೂ ಆಕೆಯೇ. ಆ ಚಿಪ್ಪು ಮೊದಲು ನಡೆದುದು ೧೯೮೫ರಲ್ಲಿ. ಅದರ ಸಂತತಿಯೇ ಇಂದು ಚಿಂತಾಮಣಿಯ ಸಂತೆಗೆ ಬರುವವರ ಜೇಬುಗಳಲ್ಲಿರುವ ಮೊಬೈಲುಗಳಲ್ಲಿ ಕೆಲಸಮಾಡುತ್ತಿರುವುದು. ಶಾಲೆಗಳಿಗೆಂದು ಮಾಡಿದ ಆ ಸಾಧಾರಣ ಯಂತ್ರಕ್ಕೂ ಇಂದಿನ ಫೋನಿಗೂ ಇಷ್ಟು ಹತ್ತಿರದ ನಂಟಿರುವಾಗ, ಅಂಥ ಯಂತ್ರವನ್ನು ನಿಷ್ಪ್ರಯೋಜಕವೆನ್ನಲು ನಮಗೆ ಬಾಯಿ ಬಾರದು.

ಇನ್ನೊಂದು ಮಾತು. ೪೮ ಕಿಲೋಬೈಟಿನ ಸ್ಪೆಕ್ಟ್ರಮ್ಮಿನ ಮೇಲುಭಾಗದ ಸ್ಮೃತಿಗೆ ಸಿಂಕ್ಲೇರ್ ಕಂಪನಿಯವರು ಉಪಯೋಗಿಸಿದುದು ಪರೀಕ್ಷೆಯಲ್ಲಿ ಅರ್ಧ ಕೆಟ್ಟಿದ್ದ ಚಿಪ್ಪುಗಳನ್ನು. ಅವುಗಳ ಒಳ್ಳೆಯ ಅರ್ಧವನ್ನು ಮಾತ್ರ ಕೆಲಸಕ್ಕೆ ಹಚ್ಚಿದುದರಿಂದ ಯಂತ್ರದ ಬೆಲೆಯು ಇಳಿದು, ಮಧ್ಯಮ ತರಗತಿಯ ಮನೆಗಳಿಗೂ ಎಟಕುವಂತಾಯಿತು. ಸ್ವಲ್ಪ ಕೆಟ್ಟುದನ್ನು ಪೂರ್ತಿ ಕೆಟ್ಟುದೆಂದು ಎಸೆಯಬಾರದೆಂಬ ಪಾಠವು ಆ ಯಂತ್ರದ ಒಡಲಿನಲ್ಲಿಯೇ ಇದೆ. ಇಂದು ನಾವು ಚಾರ್ಜು ಹಿಡಿಯದ ಫೋನನ್ನೂ ಬಣ್ಣ ಮಾಸಿದ ಮಿಕ್ಸಿಯನ್ನೂ ಗುಜರಿಗೆ ಹಾಕುವುದರಲ್ಲಿ ಎಷ್ಟು ಧಾರಾಳಿಗಳಾಗಿರುವೆವೆಂಬುದನ್ನು ಯೋಚಿಸಿದರೆ ಈ ಪಾಠವು ಯಾರಿಗೆಂಬುದು ತಾನೇ ತಿಳಿಯುವುದು.

ಆದುದರಿಂದ ನಮ್ಮ ವಿಜ್ಞಾಪನೆಯಿದು. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮ ಅಟ್ಟಗಳಲ್ಲಿಯೋ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಣ್ಣಂದಿರ ಪೆಟ್ಟಿಗೆಗಳಲ್ಲಿಯೋ ಇಂಥ ಯಂತ್ರವಿದ್ದರೆ ಅದನ್ನು ತೂಕಕ್ಕೆ ಮಾರಬೇಡಿರಿ. ಅದರ ಕ್ಯಾಸೆಟ್ಟುಗಳನ್ನೂ, ಕೈಪಿಡಿಯನ್ನೂ, ನೋಟುಪುಸ್ತಕದಲ್ಲಿ ಯಾರೋ ಬರೆದಿಟ್ಟ ಪ್ರೋಗ್ರಾಮುಗಳನ್ನೂ ಕೂಡಿಯೇ ಇಡಿರಿ. ಟೇಪಿನಲ್ಲಿರುವುದನ್ನು ಹೊಸ ಗಣಕಯಂತ್ರಕ್ಕೆ ನಕಲು ಮಾಡಿಸಿರಿ, ಏಕೆಂದರೆ ಟೇಪಿನ ಆಯುಷ್ಯವು ಪೆಟ್ಟಿಗೆಯದಕ್ಕಿಂತ ಕಡಿಮೆ. ಬಿಬಿಸಿಯಾಗಲಿ ಸ್ಪೆಕ್ಟ್ರಮ್ಮಾಗಲಿ, ಪೆಟ್ಟಿಗೆಯು ಮೂಲದ್ದಾಗಲಿ ಆಮೇಲೆ ತೊಡಿಸಿದುದಾಗಲಿ, ಇದ್ದಂತೆಯೇ ತನ್ನಿರಿ. ನಿಜವಾಗಿಯೂ ರಿಪೇರಿಗೆ ಮೀರಿದುದನ್ನು ತಂತಿ ಸುಡುವವರ ಕೈಗೆ ಕೊಡದೆ, ೨೦೨೨ರ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತರಾದವರಿಗೇ ಒಪ್ಪಿಸಿರಿ. ಮಾತಾಪಿತೃಗಳಾದ ಮಹನೀಯರೇ, ಒಂದು ಮೇಜು, ಒಂದು ಮೀಟರು, ಒಂದು ಬೆಸುಗೆಯ ಕೋಲು, ನಾಲ್ಕು ತಿರುಪುಳಿಗಳು ಇಷ್ಟಿದ್ದರೆ ಯಾವ ಶಾಲೆಯಲ್ಲಾದರೂ ಈ ಕೆಲಸವನ್ನು ತೊಡಗಬಹುದು. ಇದಕ್ಕೆ ತಗಲುವ ಹಣವು ಒಂದು ಹೊಸ ಗಣಕಯಂತ್ರದ ಬೆಲೆಗಿಂತ ಎಷ್ಟೋ ಕಡಿಮೆ.

ಸತ್ತುಹೋಯಿತೆಂದು ಎಲ್ಲರೂ ಕೈಬಿಟ್ಟ ಯಂತ್ರವನ್ನು ತನ್ನ ಕೈಯಿಂದ ಎಬ್ಬಿಸಿದ ಹುಡುಗಿಯು ಮುಂದೆ ಯಾವ ಯಂತ್ರಕ್ಕೂ ಅಂಜಳು. ತನಗೆ ತಿಳಿಯದೆಂದು ಇತರರು ಹೇಳಿದ ಮಾತನ್ನು ಪರೀಕ್ಷಿಸದೆ ನಂಬಳು. ಈ ಒಂದು ಲಾಭಕ್ಕಾಗಿಯಾದರೂ ಆ ಹಳೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವುದು ಯೋಗ್ಯವೆಂದು ನಾವು ದೃಢವಾಗಿ ನಂಬಿರುತ್ತೇವೆ.